ಇಬ್ಬರಿಗೂ ಎಚ್‌ಐವಿ ಇದ್ದರೆ, ಎರಡು ವೈರಸ್ ಕೂಡಿ ಹೊಸದೊಂದು ಹುಟ್ಟುತ್ತದೆಯೇ?

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಂದು ಸಾಂಗಲಿ ಜಿಲ್ಲಾ, ಜತ್ತ ತಾಲೂಕು. ವಯಸ್ಸು 34. ಮೊದಲನೇ ಯಜಮಾನ್ರು ತೀರಿಕೊಂಡ ಮ್ಯಾಲೆ ನನಗೂ ಎಚ್‌ಐವಿ ಐತಿ ಅಂತ ಗೊತ್ತಾತು. 2014ರಿಂದ ಗುಳಿಗಿ ತಗೋತೀನಿ, ತಪ್ಪಿಸಿಲ್ಲ. ಮೊದಲು ದಿನಕ್ಕ ಎರಡು ಹೊತ್ತು ಇತ್ತು, ಈಗ ಕೆಲವು ವರ್ಷದಿಂದ ರಾತ್ರಿ ಒಂದ. ಹೋದ ಸಲದ ವೈರಲ್ ಲೋಡ್ ರಿಪೋರ್ಟಿನ್ಯಾಗ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಅಂತ ಬಂದೈತಿ. ಎರಡು ವರ್ಷದ ಹಿಂದ ಎರಡನೇ ಮದುವಿ ಆತು. ಅವರಿಗೂ ಇದ ಐತಿ, ಗೊತ್ತಿದ್ದ ಆಗೀವಿ. ಅವರು ಲಾರಿ ಮ್ಯಾಲೆ ಇರತಾರ, ದ್ರಾಕ್ಷಿ, ದಾಳಿಂಬ್ರಿ ಲೋಡ್ ತಗೊಂಡು ವಾಶಿಗೆ ಹೋಗಿ ಬರತಾರ. ಮೊದಲು ಎಫಾವಿರೆಂಜ್ ಇದ್ದ ಗುಳಿಗಿ ತಗೋತಿದ್ರು. ನಡಕ ಎಂಟು ತಿಂಗಳು ಬಿಟ್ಟಿದ್ರು. ಏಳು ತಿಂಗಳಾತು, ಹೊಸ ಗುಳಿಗಿ ಮ್ಯಾಲೆ ಮತ್ತ ಚಾಲೂ ಮಾಡ್ಯಾರ. ಅವರ ರಿಪೋರ್ಟು 4,600 ಬಂದೈತಿ. ಗುಳಿಗಿ ತರಾಕ ಹೋದಲ್ಲಿ ಒಬ್ಬಾಕಿ ಅಂದ್ಲು, ‘ಇಬ್ಬರ ವೈರಸ್ ಕೂಡಿದ್ರ ಹೊಸ ಜಾತಿ ಹುಟ್ಟತೈತಿ, ಅದಕ್ಕ ಸರ್ಕಾರಿ ಗುಳಿಗಿ ನಡೆಯೂದಿಲ್ಲ, ಬ್ಯಾರೆ ಮಲಕೋ’ ಅಂತ. ಯಜಮಾನ್ರ ಜೋಡಿ ಡ್ರೈವರ್ ಅಂತಾನ, ‘ಇಬ್ಬರಿಗೂ ಐತಿ ಅಂದ ಮ್ಯಾಲೆ ಕಾಂಡೋಮ್ ಯಾಕ?’ ಖಾಸಗಿ ಲ್ಯಾಬಿನವರು ‘ಸ್ಟ್ರೇನ್ ಟೆಸ್ಟ್’ ಮಾಡಸ್ರಿ ಅಂದಾರ, ಸಾವಿರಾರು ರೂಪಾಯಿ ಆಗತೈತಿ. ನಮಗ ಒಂದು ಕೂಸು ಬೇಕಂತ ಆಸೆ. ಖರೆ ಯಾವುದು, ಸುಳ್ಳು ಯಾವುದು ಹೇಳ್ರಿ.

ಉತ್ತರ: ನೀವು ಕೇಳಿದ ಎರಡು ಮಾತಿನಲ್ಲಿ ಒಂದು ನಿಮ್ಮನ್ನು ವಿನಾಕಾರಣ ಹೆದರಿಸುತ್ತದೆ, ಇನ್ನೊಂದು ವಿನಾಕಾರಣ ಧೈರ್ಯ ಕೊಡುತ್ತದೆ. ಎರಡರಲ್ಲೂ ಒಂದೊಂದು ಕಾಳು ನಿಜ ಇದೆ. ಎರಡು ಎಚ್‌ಐವಿ ಕೂಡಿ ಮೂರನೆಯದು ಹುಟ್ಟುವುದು ನಿಜ. ಆದರೆ ಹಾಗಾಗಬೇಕಾದರೆ ಎರಡೂ ಒಂದೇ ದೇಹದಲ್ಲಿ, ಒಂದೇ ಜೀವಕೋಶದಲ್ಲಿ ಬೆಳೆಯುತ್ತಿರಬೇಕು. ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಎಂದರೆ ರಕ್ತದಲ್ಲಿ ವೈರಸ್ ಸಿಗಲಿಲ್ಲ ಎಂದು; ನಿಮ್ಮ ಮೈಯಲ್ಲಿ ಈಗ ವೈರಸ್ ಬೆಳೆಯುತ್ತಿಲ್ಲ. ಹಾಗಾಗಿ ನಿಮ್ಮ ಮನೆಯ ಚಿಂತೆ ಹೊಸ ಜಾತಿಯದ್ದಲ್ಲ, ಯಜಮಾನರ ವೈರಲ್ ಲೋಡ್ (ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂಬ ಲೆಕ್ಕ) ರಿಪೋರ್ಟಿನ 4,600ದ್ದು. ಅದು ಇಳಿದರೆ ನಿಮ್ಮ ಉಳಿದ ಪ್ರಶ್ನೆಗಳ ಗಂಟು ಸಡಿಲಾಗುತ್ತದೆ.

ಮೊದಲು ‘ಜಾತಿ’ ಎಂಬ ಮಾತು. ಎಚ್‌ಐವಿಯಲ್ಲಿ ಎರಡು ದೊಡ್ಡ ಬಗೆ: ಎಚ್‌ಐವಿ-1, ಎಚ್‌ಐವಿ-2. ಜಗತ್ತಿಗೆಲ್ಲ ಹರಡಿದ್ದು ಎಚ್‌ಐವಿ-1ರ ‘ಎಂ’ ಗುಂಪು. ಅದರೊಳಗೆ ಎ, ಬಿ, ಸಿ, ಡಿ, ಎಫ್, ಜಿ, ಎಚ್, ಜೆ, ಕೆ, ಎಲ್ ಎಂಬ ಉಪತಳಿಗಳಿವೆ. ಈ ಸಾಲಿನಲ್ಲಿ ‘ಇ’ ಮತ್ತು ‘ಐ’ ಇಲ್ಲದಿರುವುದನ್ನು ಗಮನಿಸಿ. ಒಂದು ಕಾಲಕ್ಕೆ ಆ ಹೆಸರುಗಳೂ ಇದ್ದವು. ವೈರಸ್ಸಿನ ಪೂರ್ತಿ ಆನುವಂಶಿಕ ಬರಹ ಓದಿ ನೋಡಿದಾಗ ಅವು ಸ್ವತಂತ್ರ ತಳಿಗಳಲ್ಲ, ಬೇರೆ ಬೇರೆ ತಳಿಗಳ ತುಂಡು ಕೂಡಿದ ಮಿಶ್ರಣ ಎಂದು ತಿಳಿಯಿತು. ಅಂದರೆ ಮಿಶ್ರಣ ಹೊಸ ಅಪಾಯವೇನಲ್ಲ, ಈ ವೈರಸ್ಸಿನ ಹುಟ್ಟುಗುಣ. ಮನುಷ್ಯರಿಗೆ ಬರುವ ಮುಂಚೆ ಚಿಂಪಾಂಜಿಗಳಲ್ಲಿದ್ದ ಇದರ ಪೂರ್ವಜ ಕೂಡ ಎರಡು ಜಾತಿಯ ಮಂಗಗಳ ವೈರಸ್ ಕೂಡಿ ಆದದ್ದು.

ನಮ್ಮ ದೇಶದ ಸೋಂಕುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಿ ಉಪತಳಿಯವು. ದಕ್ಷಿಣ ಆಫ್ರಿಕಾ, ಇಥಿಯೋಪಿಯಾದಲ್ಲಿ ಹಬ್ಬಿರುವುದೂ ಇದೇ. ಅಮೆರಿಕ, ಯುರೋಪಿನಲ್ಲಿ ಬಿ ಹೆಚ್ಚು. ಮಿಶ್ರತಳಿ ನಮ್ಮಲ್ಲಿ ಇಲ್ಲವೇ ಇಲ್ಲ ಎಂದಲ್ಲ: ಎ ಮತ್ತು ಸಿ ಕೂಡಿದ ವೈರಸ್ಸನ್ನು ಪುಣೆಯ ಮಾದರಿಗಳಲ್ಲೇ ಗುರುತಿಸಿ 1999ರಲ್ಲಿ ಪ್ರಕಟಿಸಿದ್ದರು. ಈಶಾನ್ಯ ರಾಜ್ಯಗಳಲ್ಲಿ, ಸೂಜಿ ಹಂಚಿಕೊಂಡು ಮಾದಕವಸ್ತು ಚುಚ್ಚಿಕೊಳ್ಳುವವರಲ್ಲಿ ಬಿ-ಸಿ ಮಿಶ್ರಣ ಸಿಕ್ಕಿದೆ. ಆದರೂ ಜತ್ತದಲ್ಲಿರುವ ಇಬ್ಬರು ಗಂಡ-ಹೆಂಡತಿಯ ವೈರಸ್ ಎರಡೂ ಸಿ ಆಗಿರುವ ಸಾಧ್ಯತೆಯೇ ಬಹಳ ಹೆಚ್ಚು. ಒಂದೇ ತಳಿಯ ಎರಡು ಕೂಡಿದರೆ ‘ಹೊಸ ಜಾತಿ’ ಎಂಬ ಮಾತಿಗೆ ಅರ್ಥವಿಲ್ಲ. ಬೇರೆ ಒಂದು ಅಪಾಯ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಈ ವೈರಸ್ ಇಷ್ಟು ರೂಪ ತಾಳುವುದೇಕೆ? ಅದರ ನಕಲು ಮಾಡುವ ಕೆಲಸ ಬಹಳ ಅವಸರದ್ದು. ಎಚ್‌ಐವಿಯ ಇಡೀ ಆನುವಂಶಿಕ ಬರಹ ಸುಮಾರು 9,700 ಅಕ್ಷರ. ಅದನ್ನು ನಕಲಿಸುವ ಕಿಣ್ವಕ್ಕೆ ತಿದ್ದಿ ನೋಡುವ ಅಭ್ಯಾಸವಿಲ್ಲ. ಹೆಚ್ಚುಕಡಿಮೆ ಮೂರು ಪ್ರತಿಗೆ ಒಂದು ತಪ್ಪು ಬೀಳುತ್ತದೆ. ಚಿಕಿತ್ಸೆ ಇಲ್ಲದ ಒಬ್ಬರ ದೇಹದಲ್ಲಿ ದಿನಕ್ಕೆ ಸುಮಾರು 1,000 ಕೋಟಿ ವೈರಸ್ ಕಣಗಳು ಹುಟ್ಟುತ್ತವೆ. ಎರಡನ್ನೂ ಗುಣಿಸಿ ನೋಡಿದರೆ, 9,700 ಅಕ್ಷರಗಳಲ್ಲಿ ತಪ್ಪಾಗಬಹುದಾದ ಜಾಗವೆಲ್ಲ ದಿನಾ ಒಮ್ಮೆಯಾದರೂ ತಪ್ಪಾಗಿರುತ್ತದೆ. ಹೆಚ್ಚಿನ ತಪ್ಪುಗಳು ವೈರಸ್ಸನ್ನೇ ಕೊಲ್ಲುತ್ತವೆ. ಕೆಲವು ಮಾತ್ರ ಅದಕ್ಕೆ ಔಷಧದಿಂದ ತಪ್ಪಿಸಿಕೊಳ್ಳುವ ದಾರಿ ಕೊಡುತ್ತವೆ.

ಕೂಡುವಿಕೆ ಇದಕ್ಕಿಂತ ಬೇರೆ. ಪ್ರತಿಯೊಂದು ಎಚ್‌ಐವಿ ಕಣದೊಳಗೂ ಆ 9,700 ಅಕ್ಷರದ ಬರಹ ಒಂದಲ್ಲ, ಎರಡು ಪ್ರತಿ ಇರುತ್ತದೆ. ಭಜನಿ ಪದ ಬರೆದುಕೊಳ್ಳುವವರು ಎರಡು ವಹಿ ಮುಂದಿಟ್ಟುಕೊಂಡಿದ್ದಾರೆ ಅನ್ನಿ. ಒಂದರಲ್ಲಿ ಸಾಲು ಅಳಿಸಿದ್ದರೆ ಕಣ್ಣು ಇನ್ನೊಂದಕ್ಕೆ ಹಾರುತ್ತದೆ, ಅಲ್ಲಿಂದ ಮುಂದಕ್ಕೆ ಬರೆಯುತ್ತಾರೆ. ವೈರಸ್ಸಿನ ಕಿಣ್ವವೂ ಒಂದೊಂದು ಸಲ ನಕಲಿಸುವಾಗ ಹೀಗೆ ಹಲವು ಬಾರಿ ಹಾರುತ್ತದೆ. ಎರಡೂ ವಹಿ ಒಂದೇ ಆಗಿದ್ದರೆ ಹಾರಿದ್ದು ಯಾರಿಗೂ ತಿಳಿಯುವುದಿಲ್ಲ. ಬೇರೆ ಬೇರೆ ವಹಿಯಾಗಿದ್ದರೆ ಅರ್ಧ ಇಲ್ಲಿಯದು, ಅರ್ಧ ಅಲ್ಲಿಯದು, ಎರಡು ಹಳೆ ಸೀರೆ ಹರಿದು ಹೊಲಿದ ಕೌದಿಯ ಹಾಗೆ. ಇಂಥ ಕೌದಿ-ವೈರಸ್ ಒಬ್ಬರಿಂದೊಬ್ಬರಿಗೆ ದಾಟಿ, ಪರಸ್ಪರ ಸಂಬಂಧವಿಲ್ಲದ ಕನಿಷ್ಠ ಮೂವರಲ್ಲಿ ಸಿಕ್ಕರೆ ಅದಕ್ಕೆ ‘ಸಿಆರ್‌ಎಫ್’ ಎಂದು ಅಂಕಿ ಕೊಟ್ಟು ಹೆಸರಿಡುತ್ತಾರೆ. ಈವರೆಗೆ ನೂರಕ್ಕೂ ಹೆಚ್ಚು ದಾಖಲಾಗಿವೆ.

ಬೇರೆ ಬೇರೆ ವಹಿ ಒಂದೇ ಕಣದೊಳಗೆ ಸೇರಬೇಕಾದರೆ ನಾಲ್ಕು ಬಾಗಿಲು ದಾಟಬೇಕು. ಒಬ್ಬರಿಗೆ ಎರಡನೇ ವೈರಸ್ ಹೊಸದಾಗಿ ತಗಲಬೇಕು. ಮೊದಲನೆಯದು ಇರುವ ಜೀವಕೋಶಕ್ಕೇ ಅದೂ ಹೊಕ್ಕಬೇಕು. ಆ ಜೀವಕೋಶ ಎರಡನ್ನೂ ಒಟ್ಟಿಗೆ ಉತ್ಪಾದಿಸಿ ಒಂದೊಂದು ಪ್ರತಿಯನ್ನು ಒಂದೇ ಕಣದಲ್ಲಿ ತುಂಬಬೇಕು. ಆ ಕಣ ಮತ್ತೊಂದು ಜೀವಕೋಶ ಹೊಕ್ಕು ಅಲ್ಲಿ ನಕಲಾಗಬೇಕು. ನೀವು ರಾತ್ರಿ ನುಂಗುವ ಒಂದು ಗುಳಿಗೆಯಲ್ಲಿ ಮೂರು ಔಷಧವಿದೆ: ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ಮೊದಲೆರಡು ನಕಲಿಸುವ ಕೈಯನ್ನೇ ಹಿಡಿಯುತ್ತವೆ. ಮೂರನೆಯದು, ನಕಲಾದದ್ದು ನಿಮ್ಮ ಜೀವಕೋಶದ ಮೂಲಬರಹಕ್ಕೆ ಸೇರದಂತೆ ತಡೆಯುತ್ತದೆ. ಔಷಧ ನಿಮ್ಮದು, ಅವರದು ಎಂದು ವೈರಸ್‌ಗಳನ್ನು ಬೇರ್ಪಡಿಸಿ ನೋಡುವುದಿಲ್ಲ. ಹೊರಗಿನಿಂದ ಬಂದದ್ದನ್ನೂ ಅದೇ ಬಾಗಿಲಲ್ಲಿ ತಡೆಯುತ್ತದೆ. ಸೋಂಕಿಲ್ಲದವರಿಗೆ ಮುಂಜಾಗ್ರತೆಗೆಂದು ಕೊಡುವ ಗುಳಿಗೆಯಲ್ಲೂ ಟೆನೊಫೊವಿರ್ ಇರುವುದು ಇದೇ ಲೆಕ್ಕದಲ್ಲಿ.

ಹಾಗಾದರೆ ಡ್ರೈವರ್ ಹೇಳಿದ್ದರಲ್ಲಿ ತಪ್ಪೇನು? ದಡಾರ ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವಲ್ಲ, ಎಚ್‌ಐವಿಯೂ ಹಾಗೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೊದಲ ಎಚ್‌ಐವಿ ಎರಡನೆಯದರ ವಿರುದ್ಧ ಲಸಿಕೆಯಾಗುವುದಿಲ್ಲ. 2002ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಪ್ರಕರಣ ಇದನ್ನು ಸ್ಪಷ್ಟ ಮಾಡಿತು. ಆ ವ್ಯಕ್ತಿಗೆ ಮೊದಲು ಆಗ್ನೇಯ ಏಷ್ಯಾದ ಎಇ ಮಿಶ್ರತಳಿ ತಗುಲಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲದ ನಂತರ, ಔಷಧ ನಿಲ್ಲಿಸಿದ್ದ ಅವಧಿಯಲ್ಲಿ, ಬ್ರೆಜಿಲ್‌ಗೆ ಹೋದಾಗ ಬಿ ಉಪತಳಿಯೂ ತಗುಲಿ ವೈರಲ್ ಲೋಡ್ ಏರಿತು. ‘ಔಷಧ ನಿಲ್ಲಿಸಿದ್ದ ಅವಧಿಯಲ್ಲಿ’ ಎಂಬುದಕ್ಕೆ ಅಡಿಗೆರೆ ಎಳೆಯಿರಿ. ಔಷಧ ಚೆನ್ನಾಗಿ ಹಿಡಿದಿರುವವರಲ್ಲಿ ಹೀಗೆ ಎರಡನೇ ಸೋಂಕು ಆಗುವುದು ತೀರಾ ಅಪರೂಪ.

ಈಗ ನಿಮ್ಮ ಮನೆಯ ಲೆಕ್ಕ. ನಿಮ್ಮಿಂದ ಅವರಿಗೆ ವೈರಸ್ ಹೋಗುವುದಿಲ್ಲ. 2016ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ ಒಬ್ಬರಿಗೆ ಸೋಂಕಿದ್ದು ಒಬ್ಬರಿಗಿಲ್ಲದ 888 ಜೋಡಿಗಳಿದ್ದವು. ಸೋಂಕಿದ್ದವರ ವೈರಲ್ ಲೋಡ್ 200ರ ಕೆಳಗಿತ್ತು. ಕಾಂಡೋಮ್ ಇಲ್ಲದ ಸುಮಾರು 58,000 ಸಂಪರ್ಕಗಳಲ್ಲಿ ಒಂದೇ ಒಂದು ಸಲವೂ ಸಂಗಾತಿಯಿಂದ ಸಂಗಾತಿಗೆ ದಾಟಲಿಲ್ಲ. ಸೋಂಕಿಲ್ಲದವರಿಗೇ ದಾಟದ್ದು ಸೋಂಕಿದ್ದವರಿಗೆ ದಾಟುವ ಮಾತೆಲ್ಲಿ? ಉಳಿಯುವ ದಾರಿ ಒಂದೇ, ಅವರಿಂದ ನಿಮಗೆ. ಅವರ ರಕ್ತದಲ್ಲಿ ಈಗ ಪ್ರತಿ ಮಿಲಿಲೀಟರಿಗೆ 4,600 ಪ್ರತಿ ಇವೆ. ನಿಮ್ಮ ಗುಳಿಗೆ ಅದಕ್ಕೆ ಅಡ್ಡ ನಿಂತಿದೆ. ಆದರೆ ಅವರ ವೈರಸ್ ಆ ಗುಳಿಗೆಗೆ ಬಗ್ಗದ್ದಾಗಿದ್ದರೆ ಅಡ್ಡಗೋಡೆ ತೆಳುವಾಗುತ್ತದೆ. ನಾನು ಹೇಳುತ್ತೇನೆಂದ ಅಪಾಯ ಇದೇ.

ಗುಳಿಗೆ ಬಿಟ್ಟು ಹಿಡಿದು ಮಾಡುವಾಗ ರಕ್ತದಲ್ಲಿ ಔಷಧ ಅರೆಬರೆ ಉಳಿಯುತ್ತದೆ. ಆಗ ವೈರಸ್ ಬೆಳೆಯುತ್ತಲೂ ಇರುತ್ತದೆ, ಔಷಧದ ರುಚಿಯನ್ನೂ ನೋಡುತ್ತಿರುತ್ತದೆ. ಅವರು ಮೊದಲು ತೆಗೆದುಕೊಳ್ಳುತ್ತಿದ್ದ ಎಫಾವಿರೆಂಜ್ ರಕ್ತದಿಂದ ನಿಧಾನವಾಗಿ ಇಳಿಯುವಂಥದ್ದು. ಜೊತೆಯ ಎರಡು ಔಷಧ ಹೋದ ಮೇಲೂ ದಿನಗಟ್ಟಲೆ ಅದೊಂದೇ ಉಳಿಯುತ್ತದೆ. ಒಂದೇ ಔಷಧದ ಎದುರು ವೈರಸ್ ಬೇಗ ಗೆಲ್ಲುತ್ತದೆ. ಅಲ್ಲಿ ಹುಟ್ಟುವ ಕೆ103ಎನ್ ಎಂಬ ಬದಲಾವಣೆ ಈಗಿನ ಗುಳಿಗೆಗೆ ತೊಂದರೆ ಕೊಡುವುದಿಲ್ಲ. ಲ್ಯಾಮಿವುಡಿನ್ ಕೆಲಸ ಕೆಡಿಸುವ ಎಂ184ವಿ, ಟೆನೊಫೊವಿರ್ ಕೆಡಿಸುವ ಕೆ65ಆರ್ ತೊಂದರೆ ಕೊಡುತ್ತವೆ. ನಮ್ಮ ಸಿ ತಳಿಯಲ್ಲಿ ಕೆ65ಆರ್ ಹುಟ್ಟುವ ಜಾಗದ ಅಕ್ಷರಜೋಡಣೆಯೇ ಹೇಗಿದೆಯೆಂದರೆ ನಕಲಿಸುವ ಕಿಣ್ವ ಅಲ್ಲಿ ಎಡವುತ್ತದೆ, ಕೆ65ಆರ್ ಬಿ ತಳಿಗಿಂತ ಸುಲಭವಾಗಿ ಹುಟ್ಟುತ್ತದೆ. ಹೀಗಾಗಿ ಟೆನೊಫೊವಿರ್ ಇರುವ ಗುಳಿಗೆ ತಪ್ಪಿಸುವುದು ನಮ್ಮ ಕಡೆಯವರಿಗೆ ಹೆಚ್ಚು ದುಬಾರಿ.

ಕೂಡುವಿಕೆಗೂ ಇದಕ್ಕೂ ಇರುವ ನಂಟು ಇಲ್ಲಿದೆ. ಒಂದು ವೈರಸ್ಸಿನಲ್ಲಿ ಎಂ184ವಿ, ಇನ್ನೊಂದರಲ್ಲಿ ಕೆ103ಎನ್ ಇದ್ದರೆ, ಕೂಡಿದಾಗ ಒಂದರಲ್ಲೇ ಎರಡೂ ಸೇರಬಹುದು. ತಪ್ಪುಗಳಿಂದ ಒಂದೊಂದಾಗಿ ಬರಬೇಕಾದದ್ದು ಒಂದೇ ನೆಗೆತಕ್ಕೆ ಬಂದಂತೆ. ಇದಕ್ಕೆ ಇನ್ನೊಬ್ಬರ ವೈರಸ್ ಬೇಕೆಂದೇ ಇಲ್ಲ. ಗುಳಿಗೆ ತಪ್ಪಿಸುವ ಒಬ್ಬರೇ ವ್ಯಕ್ತಿಯ ದೇಹದಲ್ಲಿ, ಅವರದೇ ವೈರಸ್ಸಿನ ನಾನಾ ರೂಪಗಳು ಹೀಗೆ ಕೂಡುತ್ತಿರುತ್ತವೆ. ಹೆಂಡತಿಯ ಜೊತೆ ಮಲಗಿದ್ದಕ್ಕಲ್ಲ, ವಾರಕ್ಕೆ ಎರಡು ಗುಳಿಗೆ ತಪ್ಪಿದ್ದಕ್ಕೆ. ನಿಮಗೆ ‘ಬ್ಯಾರೆ ಮಲಕೋ’ ಎಂದವರಿಗೆ ತಿಳಿಯದೇ ಉಳಿದದ್ದು ಇದು. ನೀವಿಬ್ಬರೂ ಒಟ್ಟಿಗೆ ಗುಳಿಗೆ ಬಿಟ್ಟ ದಿನ ಮಾತ್ರ ಅವರು ಹೆದರಿಸಿದ್ದು ನಿಜವಾಗಬಹುದು.

ಹಾಗೆ ಹುಟ್ಟಿದ ಮಿಶ್ರತಳಿಗೆ ‘ಸರ್ಕಾರಿ ಗುಳಿಗಿ ನಡೆಯೂದಿಲ್ಲ’ ಎಂಬುದೂ ತಪ್ಪು. ಮಿಶ್ರತಳಿಗಳಿಗೆ ಬೇರೆ ಔಷಧಪಟ್ಟಿ ಇಲ್ಲ, ಎಂ ಗುಂಪಿನ ಎಲ್ಲಕ್ಕೂ ಇದೇ ಗುಳಿಗೆ. ನೆದರ್ಲೆಂಡ್ಸ್‌ನಲ್ಲಿ ಗುರುತಿಸಿ 2022ರಲ್ಲಿ ಪ್ರಕಟಿಸಿದ ಬಿ ಉಪತಳಿಯ ಒಂದು ರೂಪ ಸಾಮಾನ್ಯದ್ದಕ್ಕಿಂತ ಎರಡು ಪಟ್ಟು ವೇಗವಾಗಿ ಸಿಡಿ4 (ರೋಗ ತಡೆಯುವ ಬಿಳಿ ರಕ್ತಕಣಗಳ ಎಣಿಕೆ) ಇಳಿಸುತ್ತಿತ್ತು. ಅದೂ ಔಷಧಕ್ಕೆ ಮಣಿಯಿತು. ಔಷಧ ಸೋಲುವುದು ತಳಿಯ ಹೆಸರಿನಿಂದಲ್ಲ, ಆ ವೈರಸ್ಸಿನಲ್ಲಿರುವ ನಿರ್ದಿಷ್ಟ ಬದಲಾವಣೆಗಳಿಂದ.

ಆದ್ದರಿಂದ ‘ಸ್ಟ್ರೇನ್ ಟೆಸ್ಟ್’ಗೆ ದುಡ್ಡು ಹಾಕಬೇಡಿ. ಉಪತಳಿ ಸಿ ಎಂದೋ ಎ ಎಂದೋ ಬಂದರೂ ನಿಮ್ಮ ಚಿಕಿತ್ಸೆಯಲ್ಲಿ ಒಂದು ಗುಳಿಗೆಯೂ ಬದಲಾಗುವುದಿಲ್ಲ. ನಿಮ್ಮ ರಕ್ತದಲ್ಲಂತೂ ಓದಲು ವೈರಸ್ಸೇ ಸಿಗುವುದಿಲ್ಲ. ವೈರಸ್ ಯಾವ ಔಷಧಕ್ಕೆ ಬಗ್ಗುವುದಿಲ್ಲ ಎಂದು ನೋಡುವ ರೆಸಿಸ್ಟೆನ್ಸ್ ಪರೀಕ್ಷೆ ಬೇರೆ, ಅದಕ್ಕೆ ಬೆಲೆಯಿದೆ. ಅದು ಬೇಕಾಗಬಹುದಾದದ್ದು ಯಜಮಾನರಿಗೆ, ಅದೂ ಈಗಲೇ ಅಲ್ಲ. ಅದಕ್ಕೆ ಸಾಮಾನ್ಯವಾಗಿ 1,000ಕ್ಕಿಂತ ಹೆಚ್ಚು ವೈರಲ್ ಲೋಡ್ ಬೇಕು. ಗುಳಿಗೆ ತೆಗೆದುಕೊಳ್ಳುತ್ತಿರುವಾಗಲೇ ರಕ್ತ ಕೊಡಬೇಕು. ಬಿಟ್ಟು ನಾಲ್ಕು ವಾರ ಕಳೆದ ಮೇಲೆ ಕೊಟ್ಟರೆ ಔಷಧಕ್ಕೆ ಬಗ್ಗದ ವೈರಸ್ ಅಡಗಿ ಹಳೆಯದೇ ಮುಂದೆ ಬಂದಿರುತ್ತದೆ, ರಿಪೋರ್ಟು ಸುಳ್ಳು ಸಮಾಧಾನ ಕೊಡುತ್ತದೆ.

ಒಂದು ವಿಷಯ ಮಾತ್ರ ಇಬ್ಬರ ಹಳೆಯ ಐಸಿಟಿಸಿ (ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರ) ರಿಪೋರ್ಟಿನಲ್ಲಿ ನೋಡಿಕೊಳ್ಳಿ: ಎಚ್‌ಐವಿ-1 ಎಂದಿದೆಯೇ, 2 ಎಂದಿದೆಯೇ, ಎರಡೂ ಇದೆಯೇ? ಎಚ್‌ಐವಿ-2 ನಮ್ಮ ದೇಶದಲ್ಲಿ ಕಡಿಮೆ, ಆದರೆ ಮಹಾರಾಷ್ಟ್ರದಲ್ಲಿ ಸಿಗುತ್ತದೆ. ಅದಕ್ಕೆ ನೆವಿರಾಪಿನ್, ಎಫಾವಿರೆಂಜ್ ಎಂಬ ಹಳೆಯ ಔಷಧಗಳು ಹುಟ್ಟಿನಿಂದಲೇ ತಾಗುವುದಿಲ್ಲ. ಎಚ್‌ಐವಿ-1ರ ವೈರಲ್ ಲೋಡ್ ಪರೀಕ್ಷೆಯಲ್ಲಿ ಅದು ಕಾಣುವುದೂ ಇಲ್ಲ, ರಿಪೋರ್ಟು ‘ನಾಟ್ ಡಿಟೆಕ್ಟೆಡ್’ ಎನ್ನುತ್ತಿರುವಾಗ ಸಿಡಿ4 ಇಳಿಯುತ್ತಿರಬಹುದು. ‘2’ ಎಂಬ ಅಂಕಿ ಕಂಡರೆ ನೀವು ಗುಳಿಗೆ ತರುವ ಎಆರ್‌ಟಿ ಕೇಂದ್ರದ ವೈದ್ಯರಿಗೆ ತೋರಿಸಿ. ಈಗಿನ ಡೊಲುಟೆಗ್ರಾವಿರ್ ಗುಳಿಗೆ ಅದಕ್ಕೂ ಕೆಲಸ ಮಾಡುತ್ತದೆ, ಆದರೆ ಅದರ ಮೇಲೆ ಕಣ್ಣಿಡುವ ರೀತಿ ಬೇರೆ.

ಇನ್ನು 4,600. ಡೊಲುಟೆಗ್ರಾವಿರ್ ಇರುವ ಗುಳಿಗೆ ಸರಿಯಾಗಿ ಹೊಟ್ಟೆಗೆ ಬಿದ್ದರೆ ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ವೈರಲ್ ಲೋಡ್ ನೆಲಕಚ್ಚುತ್ತದೆ. ಏಳು ತಿಂಗಳಾದ ಮೇಲೂ 4,600 ಇದ್ದರೆ ಮೊದಲ ಸಂಶಯ ತಪ್ಪಿದ ಗುಳಿಗೆಗಳ ಮೇಲೆ, ಡೊಲುಟೆಗ್ರಾವಿರ್ ಸೋತಿದೆ ಎಂಬುದರ ಮೇಲಲ್ಲ. ಬೈಯದೆ ಕೇಳಿ: ಹೊರಟಾಗ ಡಬ್ಬಿ ಜೊತೆಗಿರುತ್ತದೆಯೇ, ಕ್ಲೀನರ್ ನೋಡುತ್ತಾನೆಂದು ಮುಚ್ಚಿಡುತ್ತಾರೆಯೇ, ರಾತ್ರಿಯಿಡೀ ಗಾಡಿ ಓಡಿಸುವಾಗ ‘ರಾತ್ರಿ ಊಟದ ನಂತರ’ ಎಂಬ ಹೊತ್ತೇ ಇಲ್ಲವಾಗುತ್ತದೆಯೇ? ಹಳೆಯ ಎಫಾವಿರೆಂಜ್ ತಲೆ ತಿರುಗಿಸುತ್ತಿತ್ತೆಂದು ರಾತ್ರಿಯೇ ಬೇಕಿತ್ತು. ಈಗಿನದಕ್ಕೆ ಆ ಕಟ್ಟು ಇಲ್ಲ. ಬೆಳಗಿನ ಚಹಾದ ಹೊತ್ತಿಗೆ ಬದಲಿಸಿಕೊಳ್ಳಬಹುದು, ಊಟ ಆಗಿರಲೇಬೇಕೆಂದೂ ಇಲ್ಲ. ಮರೆತರೆ ನೆನಪಾದ ತಕ್ಷಣ ತೆಗೆದುಕೊಳ್ಳಲಿ. ಮುಂದಿನದಕ್ಕೆ ನಾಲ್ಕು ತಾಸಿಗಿಂತ ಕಡಿಮೆ ಉಳಿದಿದ್ದರೆ ಬಿಡಲಿ. ಎರಡು ಒಟ್ಟಿಗೆ ನುಂಗುವುದು ಬೇಡ. ಡಬ್ಬಿಯನ್ನು ಕ್ಯಾಬಿನ್ನಿನ ಗಾಜಿನ ಹಿಂದೆ ಬಿಸಿಲಿಗೆ ಇಡಬಾರದು, 30 ಡಿಗ್ರಿಗಿಂತ ಕಡಿಮೆ ಇರುವ ಕಡೆ ಬೇಕು. ಬಟ್ಟೆ ಚೀಲದ ನಡುವೆ ಇಟ್ಟರೆ ಸಾಕು.

ತಪ್ಪಿಸದಿದ್ದರೂ ಕೆಲಸ ಕೆಡಿಸುವ ಒಂದು ಸಂಗತಿ ಡ್ರೈವರುಗಳಲ್ಲಿ ಬಹಳ ಕಾಣುತ್ತದೆ: ಎದೆಯುರಿಗೆ ಕುಡಿಯುವ ಬಿಳಿ ಔಷಧ. ಅದರ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಗುಳಿಗೆ ಮೊದಲು, ಎರಡು ತಾಸು ಬಿಟ್ಟು ಆ ಔಷಧ. ಔಷಧ ಮೊದಲು ಕುಡಿದಿದ್ದರೆ ಗುಳಿಗೆಗೆ ಆರು ತಾಸು ಕಾಯಬೇಕು. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕು, ಹನ್ನೆರಡು ತಾಸಿನ ಅಂತರದಲ್ಲಿ. ಯಾವುದೇ ಬೇರೆ ಔಷಧವಿದ್ದರೆ ಕೇಂದ್ರದಲ್ಲಿ ಹೇಳಲಿ.

1,000 ದಾಟಿದವರಿಗೆ ಕೇಂದ್ರದಲ್ಲಿ ತಿಂಗಳಿಗೊಮ್ಮೆಯಂತೆ ಮೂರು ಸಲ ವಿಶೇಷ ಸಮಾಲೋಚನೆ, ಆಮೇಲೆ ಮತ್ತೆ ವೈರಲ್ ಲೋಡ್ ಪರೀಕ್ಷೆ ಇರುತ್ತದೆ. ಆ ಮೂರು ತಿಂಗಳು ಒಂದು ಗುಳಿಗೆಯೂ ತಪ್ಪದಿದ್ದರೆ ಮಾತ್ರ ಆ ಪರೀಕ್ಷೆಗೆ ಅರ್ಥ. ಆಗಲೂ 1,000ಕ್ಕೆ ಮೇಲಿದ್ದರೆ ಕಡತ ತಜ್ಞರ ಸಮಿತಿಗೆ ಹೋಗುತ್ತದೆ, ಮುಂದಿನ ಸಾಲಿನ ಔಷಧದ ನಿರ್ಧಾರ ಅಲ್ಲಿ. ಅದೂ ಉಚಿತ.

ಅಲ್ಲಿಯವರೆಗೆ ಕಾಂಡೋಮ್ ಇರಲಿ. ಅವರ ಲೋಡ್ 200ರ ಕೆಳಗಿಳಿದು, ಮುಂದಿನ ಪರೀಕ್ಷೆಯಲ್ಲೂ ಅಲ್ಲೇ ನಿಂತಿತೆಂದರೆ, ಎಚ್‌ಐವಿ ಕಾರಣಕ್ಕೆ ಕಾಂಡೋಮ್ ಬೇಕಿಲ್ಲ. ಸಿಫಿಲಿಸ್, ಹೆಪಟೈಟಿಸ್ ಬಿ ತಪಾಸಣೆ ಇಬ್ಬರೂ ಒಮ್ಮೆ ಮಾಡಿಸಿಕೊಳ್ಳಿ, ಅವನ್ನು ಎಚ್‌ಐವಿ ಗುಳಿಗೆಯ ಭರವಸೆಗೆ ಬಿಡಲಾಗದು. ಬೇರೆ ಮಲಗುವ, ಬೇರೆ ತಾಟು ಇಡುವ ಅಗತ್ಯ ಈಗಲೂ ಇಲ್ಲ.

ಕೂಸಿನ ಆಸೆ ಖಂಡಿತ ಕೈಗೂಡುವಂಥದ್ದು. ಕೂಸಿಗೆ ವೈರಸ್ ಹೋಗುವುದಿದ್ದರೆ ತಾಯಿಯಿಂದ, ತಂದೆಯಿಂದ ನೇರವಾಗಿ ಅಲ್ಲ. ನಿಮ್ಮ ರಿಪೋರ್ಟು ಈಗಾಗಲೇ ಚೆನ್ನಾಗಿದೆ. ಆದರೂ ಯಜಮಾನರ ಲೋಡ್ ಇಳಿಯುವವರೆಗೆ ಕಾಯಿರಿ. ಬಸಿರಿನಲ್ಲಿ ನಿಮಗೆ ಎರಡನೇ ವೈರಸ್ ತಗುಲಿ ಲೋಡ್ ಏರುವ ಸಣ್ಣ ಸಾಧ್ಯತೆಯನ್ನೂ ಕೂಸಿನ ಮೇಲೆ ಹಾಕುವುದು ಬೇಡ. ಬಸಿರಾದ ಮೇಲೆ ಕಬ್ಬಿಣಾಂಶ, ಕ್ಯಾಲ್ಸಿಯಂ ಗುಳಿಗೆ ಕೊಡುತ್ತಾರೆ. ಇವೂ ಡೊಲುಟೆಗ್ರಾವಿರ್‌ಗೆ ಅಡ್ಡ ಬರುತ್ತವೆ. ಊಟದ ಜೊತೆಗಾದರೆ ಒಟ್ಟಿಗೆ ತೆಗೆದುಕೊಳ್ಳಬಹುದು, ಬರಿ ಹೊಟ್ಟೆಯಲ್ಲಾದರೆ ಮೇಲೆ ಹೇಳಿದ ಎರಡು ತಾಸು, ಆರು ತಾಸಿನ ಲೆಕ್ಕ. 32ರಿಂದ 36ನೇ ವಾರದ ನಡುವೆ ಇನ್ನೊಮ್ಮೆ ವೈರಲ್ ಲೋಡ್ ಪರೀಕ್ಷೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಕೂಸಿಗೆ ಹುಟ್ಟಿದ ಕೂಡಲೇ ಶುರು ಮಾಡಿ ಆರು ವಾರ ವೈರಸ್ ತಡೆಯುವ ಸಿರಪ್, ಆರು ತಿಂಗಳು ಎದೆಹಾಲು ಮಾತ್ರ, ಆರನೇ ವಾರಕ್ಕೆ ಮೊದಲ ಪರೀಕ್ಷೆ, 18 ತಿಂಗಳಿಗೆ ಕೊನೆಯದು.

ನಿಮ್ಮ ವಿಷಯ ಊರಲ್ಲಿ ಯಾರಾದರೂ ಬಾಯಿಗೆ ಹಾಕಿಕೊಂಡರೆ, 2017ರ ಎಚ್‌ಐವಿ-ಏಡ್ಸ್ ಕಾಯ್ದೆ ನಿಮ್ಮ ಕಡೆಗಿದೆ. ಚಿಕಿತ್ಸೆಯಲ್ಲಿ, ಕೆಲಸದಲ್ಲಿ ಭೇದ ಮಾಡುವಂತಿಲ್ಲ, ನಿಮ್ಮ ಒಪ್ಪಿಗೆಯಿಲ್ಲದೆ ಸ್ಥಿತಿಯನ್ನು ಹೊರಗೆಡಹುವಂತಿಲ್ಲ. 1097ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಮಾತಾಡಬಹುದು.

ಮುಂದಿನ ಸಲ ಗುಳಿಗೆ ತರಲು ಇಬ್ಬರೂ ಒಟ್ಟಿಗೆ ಹೋಗಿ. ಅವರ ಹಳೆಯ ಎಫಾವಿರೆಂಜ್ ಕಾಲದ ಪುಸ್ತಕ, ನಡುವೆ ಬಿಟ್ಟ ಎಂಟು ತಿಂಗಳ ಲೆಕ್ಕ, ನಿಮ್ಮಿಬ್ಬರ ವೈರಲ್ ಲೋಡ್ ಚೀಟಿಗಳು ಎಲ್ಲ ಒಂದೇ ಚೀಲದಲ್ಲಿರಲಿ. ವಾಶಿಯ ದಾರಿಯಲ್ಲಿ ಗುಳಿಗೆ ಮುಗಿದುಹೋದರೆ ಯಾವ ಕೇಂದ್ರದಲ್ಲಿ ಕೇಳಬೇಕು, ತೋರಿಸಲು ಏನು ಕಾಗದ ಬೇಕು ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ.